ಹಿತ್ತಲ ಕೋಳಿಗೆ ಲಸಿಕೆ: ಯಾವ ರೋಗಕ್ಕೆ ಬೇಕು, ಯಾವುದಕ್ಕೆ ಬೇಡ

"ಇರೋದೇ ಹತ್ತು ಕೋಳಿ, ಇವಕ್ಕೂ ಲಸಿಕೆ ಹಾಕಿಸಬೇಕಾ?" ಕೋಳಿ ಸಾಕಲು ಶುರುಮಾಡಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಹೌದು ಅಂದರೂ ಇಲ್ಲ ಅಂದರೂ ಅದು ಅರ್ಧ ಉತ್ತರವೇ. ಕೋಳಿಗೆ ಬರುವ ಒಂದೊಂದು ರೋಗಕ್ಕೂ ಬೇರೆ ಲಸಿಕೆ ಇದೆ. ಕೆಲವನ್ನು ಹಾಕದೆ ಬಿಟ್ಟರೆ ಒಂದೇ ವಾರದಲ್ಲಿ ಗೂಡು ಖಾಲಿಯಾದೀತು. ಕೆಲವನ್ನು ಸುಮ್ಮಸುಮ್ಮನೆ ಹಾಕಿದರೆ ಇಲ್ಲದ ರೋಗವನ್ನು ನಾವೇ ಮನೆಗೆ ಕರೆದಂತೆ. ದೊಡ್ಡ ಫಾರಂನವರ ಲಸಿಕೆ ಪಟ್ಟಿಯನ್ನು ಹಾಗೇ ನಕಲು ಮಾಡಿದರೂ ಆಗುವುದಿಲ್ಲ. ಅಲ್ಲಿ ಸಾವಿರಾರು ಕೋಳಿ, ಎಲ್ಲವೂ ಒಂದೇ ವಯಸ್ಸಿನವು, ಒಂದೇ ದಿನ ಬಂದು ಒಂದೇ ದಿನ ಹೋಗುವವು. ನಮ್ಮ ಹಿತ್ತಲಲ್ಲಿ ಕಾವು ಕೂತ ಹೇಂಟೆ, ಅದರ ಪಕ್ಕ ನಾಲ್ಕು ವರ್ಷದ ಮುದಿ ಕೋಳಿ, ಕಾಲಡಿಯಲ್ಲಿ ವಾರದ ಮರಿಗಳು.

ನಾನು ಪಾಠ ಕಲಿತದ್ದು ಒಂದು ಹುಂಜದಿಂದ. ಸಾಕಲು ಶುರುಮಾಡಿದ ಮೊದಲ ವರ್ಷ ಒಳ್ಳೆ ಜಾತಿಯ ಹುಂಜವೊಂದನ್ನು ಕೊಂಡು ತಂದು, ಅದೇ ಸಂಜೆ ಉಳಿದವುಗಳ ಜೊತೆ ಬಿಟ್ಟೆ. ಮೈತುಂಬ ಹೊಳೆಯುವ ಗರಿ, ಕೆಂಪು ಜುಟ್ಟು, ರೋಗದ ಸುಳಿವೇ ಇರಲಿಲ್ಲ. ಆರನೇ ದಿನ ಒಂದು ಹೇಂಟೆ ಮೂಲೆಯಲ್ಲಿ ಗರಿ ಕೆದರಿಕೊಂಡು, ಅರೆಗಣ್ಣು ಮುಚ್ಚಿ ನಿಂತಿತ್ತು. ಹಿಕ್ಕೆ ಎಲೆಹಸಿರು. ಮಾರನೆಯ ದಿನ ಇನ್ನೆರಡು ಬಾಯಿ ತೆರೆದು ಉಸಿರೆಳೆಯುತ್ತಿದ್ದವು. ಹದಿನಾಲ್ಕರಲ್ಲಿ ಮೂರು ಉಳಿದವು. ಆ ಮೂರರಲ್ಲಿ ಒಂದರ ಕತ್ತು ಎಷ್ಟೋ ವಾರ ತಿರುಚಿಕೊಂಡೇ ಇತ್ತು. ನೆಲದ ಕಾಳಿಗೆ ಕುಕ್ಕಿದರೆ ಕೊಕ್ಕು ನಾಲ್ಕು ಬೆರಳು ಆಚೆ ಬೀಳುತ್ತಿತ್ತು. ಹುಂಜಕ್ಕೆ ಮಾತ್ರ ಏನೂ ಆಗಲಿಲ್ಲ. ಅದಕ್ಕೆ ಮೊದಲೇ ಲಸಿಕೆ ಹಾಕಿಸಿದ್ದರಂತೆ. ಲಸಿಕೆ ಪಡೆದ ಕೋಳಿ ತಾನು ಕಾಯಿಲೆ ಬೀಳದೆಯೇ ವೈರಸ್ಸನ್ನು ಹೊತ್ತು ಹಿಕ್ಕೆಯಲ್ಲಿ ಹೊರಹಾಕಬಹುದು ಎಂದು ಆಮೇಲೆ ತಿಳಿಯಿತು.

ಮೊದಲ ಹೆಜ್ಜೆ: ಗೂಡಿಗೆ ಹೊರಗಿನಿಂದ ಏನೇನು ಬರುತ್ತದೆ?

ಒಂದು ಕಾಗದದಲ್ಲಿ ಕಳೆದ ಒಂದು ವರ್ಷದಲ್ಲಿ ನಿಮ್ಮ ಗೂಡಿಗೆ ಹೊರಗಿನಿಂದ ಬಂದದ್ದನ್ನೆಲ್ಲ ಬರೆಯಿರಿ. ಹೊಸ ಕೋಳಿ, ಯಾರೋ ಕೊಟ್ಟ ಮರಿ, ಎರವಲು ತಂದ ಪಂಜರ, ಮಾರಲು ಒಯ್ದು ಗಿರಾಕಿ ಸಿಗದೆ ವಾಪಸ್ ತಂದ ಕೋಳಿ, ಇನ್ನೊಬ್ಬರ ಗೂಡು ನೋಡಿ ಅದೇ ಚಪ್ಪಲಿಯಲ್ಲಿ ಬಂದ ನೀವು. ಇದರಲ್ಲಿ ಅತಿ ಅಪಾಯದ್ದು ವಾಪಸ್ ಬಂದ ಕೋಳಿ. ನೂರು ಗೂಡಿನ ಕೋಳಿಗಳ ನಡುವೆ ಅರ್ಧ ದಿನ ಕಳೆದು ಬಂದಿರುತ್ತದೆ. ಮನೆಯದೇ ಅಲ್ಲವೇ ಎಂದು ನಾವು ಯೋಚಿಸದೆ ಒಳಗೆ ಬಿಡುತ್ತೇವೆ.

ಪಟ್ಟಿ ಖಾಲಿ ಇದ್ದು, ಸುತ್ತಮುತ್ತ ಯಾರೂ ಕೋಳಿ ಸಾಕದೆ, ನಿಮ್ಮವು ಬೇಲಿಯೊಳಗೇ ಇದ್ದರೆ ಹೆಚ್ಚಿನ ಲಸಿಕೆಗಳಿಲ್ಲದೆಯೂ ನಡೆಯುತ್ತದೆ. ಪಕ್ಕದವರ ಕೋಳಿಯೂ ನಿಮ್ಮದೂ ಒಂದೇ ತಿಪ್ಪೆ ಕೆದಕುತ್ತಿದ್ದರೆ, ಬೇಲಿ ಯಾರದ್ದಾದರೂ ಹಿಂಡು ಒಂದೇ ಎಂದು ಲೆಕ್ಕ ಹಾಕಿ. ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು: ಹೇಳಿದ ದಿನಕ್ಕೆ, ವರ್ಷಕ್ಕೆ ಮೂರೋ ನಾಲ್ಕೋ ಸಲ, ಇದನ್ನು ಮಾಡಿಕೊಂಡು ಹೋಗಲು ನಿಮ್ಮಿಂದ ಆಗುತ್ತದೆಯೇ? ಒಮ್ಮೆ ಹಾಕಿ ಮರೆತವರಿಗೆ ಲಸಿಕೆಗಿಂತ ಧೈರ್ಯವೇ ಜಾಸ್ತಿ ಸಿಗುತ್ತದೆ. ಆ ಧೈರ್ಯದಲ್ಲಿ ಹೊಸ ಕೋಳಿಯನ್ನು ನೇರ ಗೂಡಿಗೆ ಬಿಡುತ್ತಾರೆ.

ಎರಡನೇ ಹೆಜ್ಜೆ: ರೋಗ ರೋಗಕ್ಕೂ ಬೇರೆ ತೀರ್ಮಾನ

ನ್ಯೂಕ್ಯಾಸಲ್ ರೋಗದಿಂದಲೇ ಶುರುಮಾಡಬೇಕು. ಕೊಕ್ಕರೆ ರೋಗ, ರಾಣಿಖೇತ್ ಎಂದೆಲ್ಲ ಕರೆಯುವುದು ಇದನ್ನೇ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಮೊದಲು ಗುರುತಿಸಿದರು. ಉಗ್ರ ತಳಿಯ ವೈರಸ್ ಲಸಿಕೆಯಿಲ್ಲದ ಹಿಂಡಿಗೆ ಹೊಕ್ಕರೆ ಒಂದೂ ಉಳಿಯದೆ ಹೋಗಬಹುದು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ. ಚಿಕಿತ್ಸೆ ಇಲ್ಲ. ಆಂಟಿಬಯಾಟಿಕ್ ಕೊಟ್ಟು ಉಳಿಸಿದೆ ಎನ್ನುವವರ ಕೋಳಿಗೆ ಬಂದಿದ್ದು ಬೇರೆ ಯಾವುದೋ ಕಾಯಿಲೆ, ಅಥವಾ ತಾನಾಗಿಯೇ ಉಳಿಯುವುದಿದ್ದ ಕೋಳಿ. ರೋಗ ಸುತ್ತಮುತ್ತ ಇರುವ ಕಡೆ, ಕೋಳಿಗಳನ್ನು ಹೊರಗೆ ಮೇಯಲು ಬಿಡುವವರು ಈ ಲಸಿಕೆ ಹಾಕಲೇಬೇಕು. ಒಂದೇ ಒಂದು ಲಸಿಕೆ ಹಾಕುವ ಶಕ್ತಿ ಇದೆ ಅಂದರೆ ಅದು ಇದೇ ಆಗಿರಲಿ. ಆದರೆ ಕೆಲವು ದೇಶಗಳು ರೋಗವನ್ನು ಪೂರ್ತಿ ಹೊರಗಿಟ್ಟು, ಲಸಿಕೆಯನ್ನೇ ನಿಷೇಧಿಸಿವೆ. ಆದ್ದರಿಂದ ಮೊದಲು ಪಶುವೈದ್ಯರನ್ನು ಕೇಳಿ.

ಎರಡನೆಯದು ಕೋಳಿ ಸಿಡುಬು. ಜುಟ್ಟು, ಕಣ್ಣಿನ ಸುತ್ತ, ಗದ್ದದ ಜೋಲಿನ ಮೇಲೆ ಕಪ್ಪು ಹಕ್ಕಳೆಯ ಗುಳ್ಳೆ ಏಳುವುದು ಒಂದು ಬಗೆ. ಇದರಲ್ಲಿ ಸಾವು ಕಡಿಮೆ. ಬಾಯಿ ಮತ್ತು ಗಂಟಲಿನೊಳಗೆ ಹಳದಿ ಪೊರೆ ಕಟ್ಟುವುದು ಇನ್ನೊಂದು ಬಗೆ. ಇದರಲ್ಲಿ ಕೋಳಿ ತಿನ್ನಲಾಗದೆ, ಉಸಿರಾಡಲಾಗದೆ ಸಾಯುತ್ತದೆ. ಹರಡುವುದರಲ್ಲಿ ಸೊಳ್ಳೆಯ ಪಾಲು ದೊಡ್ಡದು. ಸೊಳ್ಳೆ ಜಾಸ್ತಿಯಿರುವ ಜಾಗ, ಹಿಂದೆ ಒಮ್ಮೆ ಸಿಡುಬು ಬಂದ ಗೂಡು ಎಂದಾದರೆ ಸೊಳ್ಳೆ ಏಳುವ ಕಾಲಕ್ಕೆ ಒಂದು ತಿಂಗಳು ಮೊದಲೇ ಹಾಕಿ. ಇಲ್ಲವಾದರೆ ಬಿಡಬಹುದು. ಸಿಡುಬು ಹಿಂಡಿನಲ್ಲಿ ನಿಧಾನವಾಗಿ ಹರಡುವುದರಿಂದ, ಒಂದೆರಡಕ್ಕೆ ಬಂದ ಮೇಲೂ ಉಳಿದ ಆರೋಗ್ಯವಂತ ಕೋಳಿಗಳಿಗೆ ಲಸಿಕೆ ಹಾಕಿ ಉಳಿಸಿಕೊಳ್ಳಲು ಸಮಯ ಸಿಗುತ್ತದೆ. ನ್ಯೂಕ್ಯಾಸಲ್‌ನಲ್ಲಿ ಈ ಅವಕಾಶ ಹೆಚ್ಚುಕಡಿಮೆ ಇಲ್ಲ.

ಮಾರೆಕ್ಸ್ ರೋಗದ ವಿಷಯ ಸ್ವಲ್ಪ ಗೋಜಲು. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ಇದನ್ನು ವಿವರಿಸಿದರು. ಎಳೆಯ ಕೋಳಿಯ ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬೀಳುತ್ತದೆ. ಕೆಲವಕ್ಕೆ ಕಣ್ಣಿನ ಪಾಪೆಯ ಸುತ್ತಲ ಬಣ್ಣದ ಭಾಗ ಬೂದಾಗುತ್ತದೆ. ಒಳಗೆ ಗಡ್ಡೆ ಬೆಳೆಯುತ್ತವೆ. ವೈರಸ್ ಗರಿಯ ಹೊಟ್ಟಿನಲ್ಲಿ, ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಯನ್ನು ಮೊಟ್ಟೆಯೊಡೆದ ಮೊದಲ ದಿನವೇ ಕತ್ತಿನ ಹಿಂಭಾಗದ ಚರ್ಮದಡಿ ಚುಚ್ಚಬೇಕು. ಅದು ಹಿಡಿಯಲು ಒಂದೆರಡು ವಾರ ಬೇಕು, ಅಷ್ಟು ದಿನ ಮರಿಯನ್ನು ದೊಡ್ಡ ಕೋಳಿಗಳ ಧೂಳಿನಿಂದ ದೂರ ಇಡಬೇಕು. ಈಗ ಹೇಳಿ, ಹೇಂಟೆಯ ರೆಕ್ಕೆಯಡಿ ಹುಟ್ಟಿದ ಮರಿಯನ್ನು ಆ ಧೂಳಿನಿಂದ ದೂರ ಇಡುವುದು ಹೇಗೆ? ಅದಕ್ಕೇ ತಾಯಿಯಡಿ ಮರಿ ಮಾಡಿಸುವವರಿಗೆ ನಾನು ಇದನ್ನು ಒತ್ತಾಯಿಸುವುದಿಲ್ಲ. ಹ್ಯಾಚರಿಯಿಂದ ಮರಿ ಕೊಳ್ಳುವವರಿಗೆ ಮಾತ್ರ ಒಂದೇ ಮಾತು: ಮಾರೆಕ್ಸ್ ಲಸಿಕೆ ಹಾಕಿದ ಮರಿಯನ್ನೇ ಕೇಳಿ ತೆಗೆದುಕೊಳ್ಳಿ. ಈ ಲಸಿಕೆ ಗಡ್ಡೆಯನ್ನು, ಲಕ್ವವನ್ನು ತಡೆಯುತ್ತದೆ. ಸೋಂಕನ್ನಾಗಲಿ ವೈರಸ್ ಹರಡುವುದನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಅಂದರೆ ಲಸಿಕೆ ಹಾಕಿದ ಮರಿಯನ್ನೂ ಹಾಕದ ಮರಿಯನ್ನೂ ಒಟ್ಟಿಗೆ ಬೆಳೆಸಿದರೆ ಪೆಟ್ಟು ತಿನ್ನುವುದು ಹಾಕದ ಮರಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಬೋರೊ ರೋಗ ಮೂರರಿಂದ ಆರು ವಾರದ ಮರಿಗಳನ್ನು ಹೊಡೆದು, ಅವುಗಳ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಫಾರಂಗಳ ಹತ್ತಿರ ಇರುವವರು, ಕಂತುಕಂತಾಗಿ ಮರಿ ತಂದು ಬೆಳೆಸುವವರು ಸುಮಾರು ಎರಡು ವಾರದ ವಯಸ್ಸಿಗೆ ಹಾಕಿಸುವುದು ಒಳ್ಳೆಯದು. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್‌ಗೆ ಲಸಿಕೆ ಇದೆ, ಆದರೆ ನೆಲ ಒಣಗಿಸಿಟ್ಟರೆ ಅದಕ್ಕಿಂತ ಹೆಚ್ಚು ಪ್ರಯೋಜನ. ಹಾಕಿಸಿದ್ದೇ ಆದರೆ ಆಂಪ್ರೋಲಿಯಂ ಎಂಬ ರಕ್ತಭೇದಿಯ ಔಷಧ ಬೆರೆಸಿದ ಫೀಡ್ ಕೊಡಬೇಡಿ. ಔಷಧ ಲಸಿಕೆಯನ್ನೇ ಕೊಂದುಹಾಕುತ್ತದೆ. ಗಂಟಲು ಕಟ್ಟಿ ರಕ್ತ ಕೆಮ್ಮಿಸುವ ಐಎಲ್‌ಟಿ ರೋಗಕ್ಕೆ ಮೊಟ್ಟೆಯ ಭ್ರೂಣದಲ್ಲಿ ಬೆಳೆಸಿದ ಒಂದು ಜೀವಂತ ಲಸಿಕೆ, ಅಂದರೆ ಬದುಕಿರುವ ವೈರಸ್ಸಿನ ಲಸಿಕೆ, ಸಿಗುತ್ತದೆ. ಆ ಲಸಿಕೆಯ ವೈರಸ್ಸೇ ಕೋಳಿಯಿಂದ ಕೋಳಿಗೆ ಹರಡಿ ಮತ್ತೆ ಉಗ್ರವಾಗಬಲ್ಲದು. ರೋಗ ಖಾತ್ರಿಯಾಗಿ ಇಲ್ಲದ ಕಡೆ ಅದನ್ನು ಮುಟ್ಟಲೇಬೇಡಿ. ಕೋಳಿ ಕಾಲರಾಗೆ ಲೂಯಿ ಪಾಶ್ಚರ್ 1879ರಷ್ಟು ಹಿಂದೆಯೇ ಲಸಿಕೆಯ ದಾರಿ ಕಂಡುಕೊಂಡಿದ್ದರು, ಆದರೂ ಇವತ್ತು ಆ ರೋಗ ಮರುಕಳಿಸುವ ಜಾಗದವರಿಗಷ್ಟೇ ಅದು ಬೇಕು. ಇನ್ನು ಹಕ್ಕಿಜ್ವರ. ಅದರ ಲಸಿಕೆ ನೀವು ನಾವು ತೀರ್ಮಾನಿಸುವ ವಿಷಯವಲ್ಲ, ಸರ್ಕಾರಗಳು ತೀರ್ಮಾನಿಸುತ್ತವೆ. ಫ್ರಾನ್ಸ್ 2023ರ ಅಕ್ಟೋಬರ್‌ನಲ್ಲಿ ಬಾತುಕೋಳಿಗಳಿಗೆ ಹಾಕಲು ಶುರುಮಾಡಿತು. ಎಷ್ಟೋ ದೇಶಗಳಲ್ಲಿ ಇಂದಿಗೂ ಅನುಮತಿ ಇಲ್ಲ.

ಮೂರನೇ ಹೆಜ್ಜೆ: ದಿನ ಗೊತ್ತುಮಾಡುವುದು

ತಾಯಿಗೆ ಲಸಿಕೆ ಆಗಿದ್ದರೆ ಅದರ ರೋಗನಿರೋಧಕ ಶಕ್ತಿ ಮೊಟ್ಟೆಯ ಹಳದಿಯ ಮೂಲಕ ಮರಿಗೂ ಸ್ವಲ್ಪ ಬರುತ್ತದೆ. ಮೊದಲ ಎರಡು ಮೂರು ವಾರ ಅದೇ ಮರಿಯನ್ನು ಕಾಯುತ್ತದೆ. ಅದೇ ಲಸಿಕೆಯನ್ನೂ ಹಿಡಿಯಗೊಡುವುದಿಲ್ಲ. ನ್ಯೂಕ್ಯಾಸಲ್‌ಗೆ ಐದರಿಂದ ಏಳನೇ ದಿನ ಒಮ್ಮೆ, ನಾಲ್ಕನೇ ವಾರ ಇನ್ನೊಮ್ಮೆ ಹಾಕುವುದು ಇದೇ ಕಾರಣಕ್ಕೆ. ಎಫ್, ಬಿ1, ಲಸೋಟ ಎಂಬ ಹೆಸರಿನವು ಸೌಮ್ಯ ಲಸಿಕೆಗಳು. ಮರಿಗೂ ಹಾಕಬಹುದು, ಆದರೆ ಒಂದು ಡೋಸ್‌ನ ಪ್ರಭಾವ ಕೆಲವು ತಿಂಗಳಷ್ಟೇ. ಆರ್‌2ಬಿ ಸ್ವಲ್ಪ ಜೋರಿನದು. ಸೌಮ್ಯ ಲಸಿಕೆ ಮೊದಲೇ ಆಗಿ, ಎಂಟು ವಾರ ದಾಟಿದ ಕೋಳಿಗೆ ಮಾತ್ರ ಅದನ್ನು ಚುಚ್ಚಬೇಕು. ಮರಿಗೆ ಚುಚ್ಚಿದರೆ ಲಕ್ವ ಹೊಡೆಯಬಹುದು, ಮರಿ ಸಾಯಲೂಬಹುದು. ಮೊಟ್ಟೆಯಿಡುವ ಹೇಂಟೆಗೆ ಚುಚ್ಚಿದರೆ ಮೊಟ್ಟೆ ಇಳಿಯುತ್ತದೆ.

ಹಿತ್ತಲಲ್ಲಿ ಎಲ್ಲ ವಯಸ್ಸಿನವೂ ಇರುವಾಗ ಈ ದಿನಗಳ ಲೆಕ್ಕ ತಲೆಕೆಡಿಸುತ್ತದೆ. ಐ-2 ಎಂಬ, ಆಸ್ಟ್ರೇಲಿಯಾದಲ್ಲಿ ಹಳ್ಳಿಯ ಕೋಳಿಗಳಿಗೆಂದೇ ರೂಪಿಸಿದ ನ್ಯೂಕ್ಯಾಸಲ್ ಲಸಿಕೆ ಸಿಕ್ಕರೆ ಕೆಲಸ ಹಗುರ. ಬಿಸಿಲಿನ ತಾಪವನ್ನು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ, ಯಾವ ವಯಸ್ಸಿನ ಕೋಳಿಯ ಕಣ್ಣಿಗಾದರೂ ಒಂದು ಹನಿ ಹಾಕಬಹುದು. ನಾಲ್ಕು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿ, ಮರಿ ಮುದಿ ಎನ್ನದೆ ಎಲ್ಲಕ್ಕೂ ಹಾಕುವುದು. ನಡುವೆ ಹುಟ್ಟಿದವು ಮುಂದಿನ ಸುತ್ತಿಗೆ. ನಾಲ್ಕು ತಿಂಗಳು ಅಂದರೆ ನಾಲ್ಕು ತಿಂಗಳೇ.

ಲಸಿಕೆಗೆ ವಾರ ಹತ್ತು ದಿನ ಮೊದಲು ಜಂತುಹುಳದ ಔಷಧಿ ಕೊಟ್ಟಿರಿ. ಜಂತು ತುಂಬಿದ, ಬಡಕಲಾದ ಕೋಳಿಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಸೀನುವ, ಮೂಗು ಸುರಿಸುವ, ಮಂಕಾದ ಕೋಳಿಗಳಿದ್ದರೆ ಆ ದಿನ ಲಸಿಕೆ ಬೇಡ.

ನಾಲ್ಕನೇ ಹೆಜ್ಜೆ: ಬಾಟಲಿ ತರುವುದು

ಹೆಚ್ಚಿನ ಲಸಿಕೆಗಳು ಹಾಳಾಗುವುದು ಗೂಡಿನಲ್ಲಲ್ಲ, ದಾರಿಯಲ್ಲಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದದ್ದನ್ನು ಅಂಗಿಯ ಜೇಬಿನಲ್ಲಿಟ್ಟು ಬಿಸಿಲಲ್ಲಿ ಬಂದರೆ, ಮನೆಗೆ ಬರುವಷ್ಟರಲ್ಲಿ ಅದು ಬರೀ ನೀರು. ಅಗಲ ಬಾಯಿಯ ಥರ್ಮೋಸ್ ಫ್ಲಾಸ್ಕ್‌ನಲ್ಲಿ ಐಸ್ ಹಾಕಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನಿ. ಎಣ್ಣೆಯಂತಿರುವ ನಿಷ್ಕ್ರಿಯ ಲಸಿಕೆ, ಅಂದರೆ ರೋಗಾಣುವನ್ನು ಕೊಂದು ಮಾಡಿದ ಲಸಿಕೆ, ಹೆಪ್ಪುಗಟ್ಟಿದರೆ ಅದೂ ಹಾಳು. ಅದನ್ನು ಐಸ್‌ಗೆ ತಾಗಿಸಬೇಡಿ. ಅವಧಿ ಮುಗಿಯುವ ದಿನಾಂಕವನ್ನು ಕೊಳ್ಳುವಲ್ಲಿಯೇ ನೋಡಿ.

ಜೀವಂತ ಲಸಿಕೆ ಬಿಲ್ಲೆಯಂತೆ ಒಣಗಿ ಬಾಟಲಿಯ ತಳದಲ್ಲಿರುತ್ತದೆ. ಜೊತೆಗೆ ಕೊಟ್ಟ ದ್ರವವನ್ನು ಸಿರಿಂಜ್‌ನಲ್ಲಿ ತೆಗೆದು ರಬ್ಬರ್ ಮುಚ್ಚಳಕ್ಕೆ ಚುಚ್ಚಿದರೆ, ನೀವು ಒತ್ತದೆಯೇ ದ್ರವ ಸರ್ರನೆ ಒಳಗೆ ಎಳೆದುಕೊಳ್ಳಬೇಕು, ಯಾಕೆಂದರೆ ಒಳಗೆ ಗಾಳಿ ಇರುವುದಿಲ್ಲ. ಎಳೆದುಕೊಳ್ಳಲಿಲ್ಲವೋ, ಎಲ್ಲೋ ಗಾಳಿ ಹೊಕ್ಕಿದೆ. ಆ ಬಾಟಲಿ ಬೇಡ. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವಾರ ಹಾಕುವುದು, ನೂರು ಡೋಸನ್ನು ಇನ್ನೂರು ಕೋಳಿಗೆ ಹಿಗ್ಗಿಸುವುದು, ಎರಡೂ ಹಾಕದಿದ್ದ ಹಾಗೆಯೇ.

ಚಿಕ್ಕ ಬಾಟಲಿಯಲ್ಲೇ ಐವತ್ತು ನೂರು ಡೋಸ್ ಇರುತ್ತದೆ, ನಮ್ಮಲ್ಲಿರುವುದು ಹತ್ತು ಕೋಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನಕ್ಕೆ ಸೇರಿ ತರಿಸುವುದೇ ಇದಕ್ಕೆ ದಾರಿ. ಒಂದು ಎಚ್ಚರ: ಒಬ್ಬರೇ ಎಲ್ಲರ ಗೂಡಿಗೆ ಹೊಕ್ಕು ಹನಿ ಹಾಕುತ್ತಾ ಬಂದರೆ, ಯಾರ ಗೂಡಿನಲ್ಲಿ ರೋಗವಿದೆಯೋ ಅದನ್ನು ಎಲ್ಲರಿಗೂ ಹಂಚಿದಂತೆ. ಒಂದು ಕಡೆ ಬೆರೆಸಿ, ಸ್ವಚ್ಛ ಡ್ರಾಪರ್‌ಗಳಿಗೆ ತುಂಬಿ, ಐಸ್ ಜೊತೆ ಹಂಚಿಕೊಂಡು, ಅವರವರ ಕೋಳಿಗೆ ಅವರವರೇ ಹಾಕಿದರೆ ಆ ತೊಂದರೆ ಇಲ್ಲ.

ಐದನೇ ಹೆಜ್ಜೆ: ಹಾಕುವುದು

ಸಂಜೆ, ಕೋಳಿಗಳು ಗೂಡು ಸೇರಿದ ಮೇಲೆ ಮಾಡಿ. ಹಗಲಲ್ಲಿ ಅಟ್ಟಿಸಿಕೊಂಡು ಹೋದರೆ ನಿಮಗೂ ದಣಿವು, ಕೋಳಿಗೂ ದಣಿವು, ಕೊನೆಗೆ ಎರಡು ತಪ್ಪಿಸಿಕೊಂಡಿರುತ್ತವೆ.

ಕಣ್ಣಿನ ಹನಿ ಹೀಗೆ: ಕೋಳಿಯನ್ನು ಎಡ ಕಂಕುಳಲ್ಲಿ ರೆಕ್ಕೆ ಸೇರಿಸಿ ಅಮುಕಿಕೊಳ್ಳಿ. ಎಡಗೈಯಲ್ಲಿ ತಲೆಯನ್ನು ಹಿಡಿದು ಒಂದು ಕಣ್ಣು ಮೇಲೆ ಬರುವಂತೆ ಓರೆ ಮಾಡಿ. ಡ್ರಾಪರನ್ನು ನೆಟ್ಟಗೆ, ಕಣ್ಣಿಗೆ ತಾಗಿಸದೆ ಹಿಡಿದು ಒಂದೇ ಹನಿ ಬಿಡಿ. ಹನಿ ಕಣ್ಣಿನ ಮೇಲೆ ಮಣಿಯ ಹಾಗೆ ಒಂದು ಕ್ಷಣ ನಿಲ್ಲುತ್ತದೆ. ಕೋಳಿ ರೆಪ್ಪೆ ಬಡಿಯುತ್ತದೆ, ಹನಿ ಹರಡಿ ಮಾಯವಾಗುತ್ತದೆ. ಅಲ್ಲಿಯವರೆಗೆ ಕೈಬಿಡಬೇಡಿ. ಬೇಗ ಬಿಟ್ಟರೆ ಅದು ತಲೆ ಕೊಡವಿ ಇಡೀ ಡೋಸನ್ನು ನಿಮ್ಮ ಅಂಗಿಗೆ ಎರಚುತ್ತದೆ. ದ್ರವಕ್ಕೆ ನೀಲಿ ಬಣ್ಣ ಬೆರೆಸಿದ್ದರೆ ಕಣ್ಣಿನ ಸುತ್ತ ನೀಲಿ ಕಲೆ ಕಾಣುತ್ತದೆ, ಯಾವುದಕ್ಕೆ ಆಯಿತು ಯಾವುದಕ್ಕೆ ಇಲ್ಲ ಎಂಬ ಗೊಂದಲ ಇರುವುದಿಲ್ಲ. ಬಣ್ಣವಿಲ್ಲದಿದ್ದರೆ ಹಾಕಿದ್ದನ್ನು ಬೇರೆ ಬುಟ್ಟಿಗೆ ಬಿಡಿ. ನಿಮ್ಮ ಕಣ್ಣಿಗೆ ಕೈ ಒಯ್ಯಬೇಡಿ. ನ್ಯೂಕ್ಯಾಸಲ್ ವೈರಸ್ ಮನುಷ್ಯರ ಕಣ್ಣನ್ನೂ ಕೆಲವು ದಿನ ಕೆಂಪಾಗಿಸುತ್ತದೆ.

ಸಿಡುಬಿನ ಲಸಿಕೆಗೆ ಎರಡು ಮೊನೆಯ ಸೂಜಿ ಜೊತೆಗೇ ಬರುತ್ತದೆ. ರೆಕ್ಕೆಯನ್ನು ಬಿಡಿಸಿದರೆ ಒಳಗಡೆ ತೆಳ್ಳನೆಯ, ಬೆಳಕು ತೂರುವಂಥ ಪೊರೆ ಕಾಣುತ್ತದೆ. ಅಲ್ಲಿನ ಪುಕ್ಕ ಸರಿಸಿ, ಸೂಜಿಯನ್ನು ಲಸಿಕೆಯಲ್ಲಿ ಅದ್ದಿ, ರಕ್ತನಾಳ ತಪ್ಪಿಸಿ ಒಂದೇ ಸಲ ಆರಪಾರ ಚುಚ್ಚಿ. ಹನಿ ಪುಕ್ಕಕ್ಕೆ ಅಂಟಿದರೆ ಅಥವಾ ಕೋಳಿ ಕೊಕ್ಕಿನಿಂದ ಸವರಿಕೊಂಡರೆ ಬೇರೆ ಜಾಗದಲ್ಲಿ ಗುಳ್ಳೆ ಏಳಬಹುದು.

ಕುಡಿಯುವ ನೀರಿಗೆ ಬೆರೆಸುವುದು ಸುಲಭ ಅನ್ನಿಸುತ್ತದೆ. ಹತ್ತು ಕೋಳಿಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಹೇಡಿ ಕೋಳಿ ಕೊನೆಗೆ ಬಂದು ಒಂದು ಗುಟುಕೂ ಸಿಗದೆ ಹೋಗುತ್ತದೆ. ಮಾಡಲೇಬೇಕಾದರೆ ಕ್ಲೋರಿನ್ ಇಲ್ಲದ ನೀರು, ಲೀಟರಿಗೆ ಎರಡೂವರೆ ಗ್ರಾಂ ಕೆನೆರಹಿತ ಹಾಲಿನ ಪುಡಿ, ಪ್ಲಾಸ್ಟಿಕ್ ಪಾತ್ರೆ. ಮೊದಲು ಒಂದೆರಡು ಗಂಟೆ ನೀರಿಲ್ಲದೆ ಇಟ್ಟು, ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ಇಡಿ. ಬಿರುಬಿಸಿಲಿನ ದಿನ ಬೇಡ.

ಎಣ್ಣೆ ಲಸಿಕೆ ಚುಚ್ಚುವಾಗ ಸೂಜಿ ನಿಮ್ಮ ಬೆರಳಿಗೆ ಹೊಕ್ಕರೆ ಕೂಡಲೇ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಒಯ್ಯಿರಿ. ಬಾವು ಇಳಿಯುತ್ತದೆ ಎಂದು ಕಾದು ಕೂತರೆ ಬೆರಳಿಗೇ ಕುತ್ತು ಬರಬಹುದು. ಲಸಿಕೆ ಆದ ಕೋಳಿಯನ್ನು ಎಷ್ಟು ದಿನ ಮಾಂಸಕ್ಕೆ ಬಳಸಬಾರದು ಎಂಬುದು ಲಸಿಕೆಯಿಂದ ಲಸಿಕೆಗೆ ಬೇರೆ, ಲೇಬಲ್ ಮೇಲೆ ಬರೆದಿರುತ್ತದೆ.

ಆರನೇ ಹೆಜ್ಜೆ: ಹಿಡಿಯಿತೋ ಇಲ್ಲವೋ

ನ್ಯೂಕ್ಯಾಸಲ್ ಜೀವಂತ ಲಸಿಕೆಯ ನಂತರ ಮೂರ್ನಾಲ್ಕು ದಿನ ಒಂದಿಷ್ಟು ಸೀನುವುದು, ಕಣ್ಣು ತೇವವಾಗುವುದು ಸಹಜ. ವಾರ ಕಳೆದರೂ ನಿಲ್ಲದಿದ್ದರೆ ಮೊದಲೇ ಬೇರೆ ಉಸಿರಾಟದ ಸೋಂಕು ಇದ್ದಿರಬೇಕು. ಸಿಡುಬಿನದು ಕಣ್ಣಿಗೇ ಕಾಣುತ್ತದೆ: ಏಳರಿಂದ ಹತ್ತನೇ ದಿನ ಒಂದೊಂದನ್ನೂ ಹಿಡಿದು ರೆಕ್ಕೆ ಬಿಡಿಸಿ ನೋಡಿ. ಚುಚ್ಚಿದಲ್ಲಿ ಬೇಳೆ ಗಾತ್ರದ ಗಂಟು, ಅದರ ಮೇಲೆ ಹಕ್ಕಳೆ ಇರಬೇಕು. ಬಹುಪಾಲು ಕೋಳಿಗಳಲ್ಲಿ ಇಲ್ಲವೆಂದರೆ ಲಸಿಕೆ ಸತ್ತಿತ್ತು, ಅಥವಾ ಅವಕ್ಕೆ ಹಿಂದೆಯೇ ಸಿಡುಬು ಬಂದು ಹೋಗಿತ್ತು.

ರಕ್ಷಣೆ ಬರಲು ಎರಡು ವಾರ ಬೇಕು, ಅಷ್ಟರೊಳಗೆ ಹೊಸ ಕೋಳಿ ತರಬೇಡಿ. ಆಮೇಲೆ ತಂದರೂ 30 ದಿನ ಬೇರೆ ಗೂಡು, ಬೇರೆ ನೀರಿನ ಪಾತ್ರೆ; ಅದರ ಕೆಲಸ ದಿನದ ಕೊನೆಗೆ. ಇಷ್ಟಾಗಿಯೂ ಎರಡು ಮೂರು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಲಸಿಕೆಯನ್ನು ಬೈಯುತ್ತಾ ಕೂರದೆ ಪಶುವೈದ್ಯರಿಗೆ ತಿಳಿಸಿ. ಬಹಳಷ್ಟು ದೇಶಗಳಲ್ಲಿ ನ್ಯೂಕ್ಯಾಸಲ್, ಹಕ್ಕಿಜ್ವರ ಎರಡನ್ನೂ ವರದಿ ಮಾಡುವುದು ಕಾನೂನು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಬೇಡಿ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೆಪ್ಪುಗಟ್ಟಿಸದೆ, ಐಸ್ ಪೆಟ್ಟಿಗೆಯಲ್ಲಿ ತಣ್ಣಗಿಟ್ಟರೆ ಪರೀಕ್ಷೆಗೆ ಬರುತ್ತದೆ.

ಮುಗಿದ ಬಾಟಲಿಯಲ್ಲಿ ಇನ್ನೂ ಜೀವಂತ ವೈರಸ್ ಇರುತ್ತದೆ. ತಿಪ್ಪೆಗೆ ಎಸೆದರೆ ನಾಳೆ ನಿಮ್ಮದೇ ಕೋಳಿ ಅದನ್ನು ಕುಕ್ಕುತ್ತದೆ. ಬಾಟಲಿ, ಡ್ರಾಪರ್‌ಗಳನ್ನು ಹಳೆ ಪಾತ್ರೆಯೊಂದರಲ್ಲಿ ಕುದಿಸಿ ಆಮೇಲೆ ಬಿಸಾಡಿ; ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡಿ. ಲಸಿಕೆಯ ಹೆಸರು, ಬ್ಯಾಚ್ ನಂಬರು, ಹಾಕಿದ ದಿನ, ಎಷ್ಟು ಕೋಳಿ, ಮುಂದಿನ ದಿನ, ಇಷ್ಟನ್ನು ನಾನು ಗೂಡಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟ ಎರಡು ವರ್ಷ ಪುಸ್ತಕವೇ ಸಿಕ್ಕಿರಲಿಲ್ಲ.